ಮಗುವಿಗೆ ಬೇರಿಯಂ ಎಕ್ಸ್‌ರೇ ಇದ್ದರೆ ಹೀಗೆ ತಯಾರಿ ಮಾಡಿ

ಬೇರಿಯಂ (ಎಕ್ಸ್‌ರೇಯಲ್ಲಿ ಒಳಗಿನ ಭಾಗಗಳು ಎದ್ದು ಕಾಣೋ ಹಾಗೆ ಮಾಡುವ ಬಿಳಿ ದ್ರವ) ಕುಡಿಸಿ ಹೊಟ್ಟೆಯ ಎಕ್ಸ್‌ರೇ ತೆಗೆಸಬೇಕು ಅಂತ ಡಾಕ್ಟರ್ ಬರೆದುಕೊಟ್ಟಿದ್ದರೆ, ಮೊದಲು ಕೇಳಬೇಕಾದ್ದು ಮಗು ಎಷ್ಟು ಹೊತ್ತು ಖಾಲಿ ಹೊಟ್ಟೆಯಲ್ಲಿರಬೇಕು ಅನ್ನೋದನ್ನ. ಎದೆಹಾಲು ಕುಡಿಯೋ ಕೂಸಿಗೆ ಒಂದು ಲೆಕ್ಕ, ದೊಡ್ಡ ಮಕ್ಕಳಿಗೆ ಇನ್ನೊಂದು. ಸಾಧ್ಯವಾದರೆ ಬೆಳಗಿನ ಮೊದಲ ಸಮಯವನ್ನೇ ಕೇಳಿ ಪಡೆಯಿರಿ, ಹಸಿವಿನ ರಗಳೆ ಎಷ್ಟೋ ಕಡಿಮೆಯಾಗುತ್ತೆ.

ನಿಜವಾದ ಕಷ್ಟ ಆ ಬಿಳಿ ದ್ರವ ಕುಡಿಸೋದು. ಸೀಮೆಸುಣ್ಣ ಕಲಸಿದ ಹಾಗೆ ಮಂದವಾಗಿರುತ್ತೆ. "ಜ್ಯೂಸ್ ಥರಾನೇ ಇದೆ" ಅಂತ ದಯವಿಟ್ಟು ಸುಳ್ಳು ಹೇಳಬೇಡಿ. ಮೊದಲ ಗುಟುಕಿಗೇ ಗೊತ್ತಾಗಿಬಿಡುತ್ತೆ, ಆಮೇಲೆ ಬಾಯಿ ತೆರೆಯೋದೇ ಇಲ್ಲ. "ರುಚಿ ಅಷ್ಟೇನೂ ಚೆನ್ನಾಗಿರಲ್ಲ ಪುಟ್ಟಾ, ಆದರೆ ನೀನು ನುಂಗಿದ್ದು ಒಳಗೆ ಹೋಗೋದನ್ನ ಡಾಕ್ಟರ್ ಪರದೆ ಮೇಲೆ ನೋಡ್ತಾರೆ" ಅನ್ನಿ. ದಿನಾ ಬಳಸುವ ಲೋಟ, ಬಾಟಲಿ ಅಥವಾ ಸ್ಟ್ರಾ ತಗೊಂಡು ಹೋಗಿ. ರುಚಿಗೆ ಏನಾದರೂ ಬೆರೆಸಬಹುದಾ ಅಂತ ಅಲ್ಲಿನ ಸಿಬ್ಬಂದಿಯನ್ನೇ ಕೇಳಿ, ನೀವಾಗಿ ಸೇರಿಸಬೇಡಿ. ಹಿಂದಿನ ದಿನ ಮನೆಯಲ್ಲಿ ಮಲಗಿಸಿ, ಎಡಕ್ಕೆ ಬಲಕ್ಕೆ ಹೊರಳಿಸಿ, "ಸ್ಟಾಚ್ಯೂ" ಅಂದ ಕೂಡಲೇ ಅಲ್ಲಾಡದೆ ಇರೋ ಆಟ ಆಡಿಸಿ. ಎಕ್ಸ್‌ರೇ ಮೇಜಿನ ಮೇಲೂ ಮಾಡಿಸೋದು ಹೆಚ್ಚುಕಡಿಮೆ ಇದನ್ನೇ.

ಲೋಹದ ಗುಂಡಿ, ಜಿಪ್ ಇಲ್ಲದ ಬಟ್ಟೆ ಹಾಕಿ. ತಾಯಿ ಗರ್ಭಿಣಿಯಾಗಿದ್ದರೆ, ಅನುಮಾನವಿದ್ದರೂ ಸರಿ, ಒಳಗೆ ಬೇರೆಯವರು ಹೋಗಲಿ.

ಆಮೇಲೆ ಒಂದೆರಡು ದಿನ ಮಲ ಬೆಳ್ಳಗೆ ಹೋಗುತ್ತೆ, ಗಾಬರಿ ಬೇಡ. ಬೇರಿಯಂನಿಂದ ಮಲಬದ್ಧತೆ ಆಗಬಹುದು, ಹಾಗಾಗಿ ನೀರು ಚೆನ್ನಾಗಿ ಕುಡಿಸಿ, ಕೂಸಾದರೆ ಹಾಲು. ಎರಡು ದಿನವಾದರೂ ಮಲ ಹೋಗದಿದ್ದರೆ, ಹೊಟ್ಟೆನೋವು ಅಥವಾ ವಾಂತಿ ಶುರುವಾದರೆ, ಕಾಯದೆ ಡಾಕ್ಟರಿಗೆ ಫೋನ್ ಮಾಡಿ.