ನಾಣ್ಯಗಳ ನೆಲ ಹಾಕುವ ಬಗೆ

ಕೋಣೆಯ ನೆಲದ ಮೇಲೆಲ್ಲ ನಾಣ್ಯಗಳನ್ನು ಅಂಟಿಸುವ ಕೆಲಸಕ್ಕೆ ಕೈಹಾಕುವ ಮುನ್ನ, ಚಲಾವಣೆಯಲ್ಲಿರುವ ನಾಣ್ಯಗಳನ್ನು ಹೀಗೆ ಬಳಸಲು ಕಾನೂನಿನ ಅಡ್ಡಿಯಿದೆಯೇ ಎಂದು ತಿಳಿದುಕೊಳ್ಳಬೇಕು. 19 ಮಿಲಿಮೀಟರ್ ವ್ಯಾಸದ ನಾಣ್ಯಗಳನ್ನು ನೇರ ಸಾಲುಗಳಲ್ಲಿ ಇಟ್ಟರೆ ಒಂದು ಚದರ ಮೀಟರಿಗೆ ಸುಮಾರು 2,770 ಬೇಕು. ಒಂದು ಸಾಲಿನ ಎರಡು ನಾಣ್ಯಗಳ ನಡುವಿನ ತಗ್ಗಿನಲ್ಲಿ ಮುಂದಿನ ಸಾಲಿನ ನಾಣ್ಯ ಕೂರುವಂತೆ ಜೇನುಗೂಡಿನ ಮಾದರಿಯಲ್ಲಿ ಜೋಡಿಸಿದರೆ ಸುಮಾರು 3,200 ಹಿಡಿಸುತ್ತವೆ. ಖರ್ಚು ಹೆಚ್ಚಾದರೂ ಎರಡನೆಯದೇ ಕಣ್ಣಿಗೆ ಹಿತ.

ನೆಲ ಸಮತಟ್ಟಾಗಿ, ಒಣಗಿ, ದೂಳಿಲ್ಲದಂತಿರಬೇಕು. ನಾಣ್ಯಗಳನ್ನು ಸೋಪಿನ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ತಾಮ್ರದ ನಾಣ್ಯಗಳು ವಿನೆಗರ್ ಮತ್ತು ಉಪ್ಪಿನಿಂದ ಹೊಳೆಯುತ್ತವೆ, ಆದರೆ ಚೆನ್ನಾಗಿ ತೊಳೆಯದಿದ್ದರೆ ಹಸಿರು ಕಿಲುಬು ಹಿಡಿಯುತ್ತದೆ. ಎಲ್ಲವನ್ನೂ ಬೆಳಗುವ ಅಗತ್ಯವೂ ಇಲ್ಲ. ಕಪ್ಪಾದ ಹಳೆಯ ನಾಣ್ಯಗಳನ್ನು ಅಂಚಿಗೆ ಇಟ್ಟರೆ ಅವೇ ಚಿತ್ತಾರವಾಗುತ್ತವೆ.

ಗೋಡೆಗಳು ನೇರವಾಗಿರುವುದು ಅಪರೂಪ. ಆದ್ದರಿಂದ ಕೋಣೆಯ ನಡುವೆ ಸೀಮೆಸುಣ್ಣದ ಗೆರೆ ಎಳೆದು ಅಲ್ಲಿಂದ ಆರಂಭಿಸಿ. ಒಣಗಿದ ಮೇಲೆ ಪಾರದರ್ಶಕವಾಗುವ ಅಂಟಿನ ಒಂದು ಹನಿ ಪ್ರತಿ ನಾಣ್ಯಕ್ಕೂ ಸಾಕು. ಮಂಡಿಯ ಕೆಳಗೆ ದಿಂಬು ಇಟ್ಟುಕೊಳ್ಳಿ, ಏಕೆಂದರೆ ಇದು ದಿನಗಟ್ಟಲೆಯ ಕೆಲಸ.

ಅಂಟು ಒಣಗಿದ ಮೇಲೆ, ಗಟ್ಟಿಯಾಗಿ ಗಾಜಿನಂತಾಗುವ ಪಾರದರ್ಶಕ ದ್ರವವಾದ ಎಪಾಕ್ಸಿ ರೆಸಿನ್‌ನ ತೆಳು ಲೇಪನವನ್ನು ಬ್ರಷ್‌ನಿಂದ ಹಚ್ಚಬೇಕು. ಇದು ಸಂದುಗಳನ್ನು ಮುಚ್ಚಿ, ಅಲ್ಲಿನ ಗಾಳಿ ಗುಳ್ಳೆಗಳಾಗಿ ಮೇಲೇಳುವುದನ್ನು ತಡೆಯುತ್ತದೆ. ಅನಂತರದ ದಪ್ಪ ಲೇಪನಕ್ಕೆ, ಒಂದು ಮಿಲಿಮೀಟರ್ ದಪ್ಪಕ್ಕೆ ಚದರ ಮೀಟರಿಗೆ ಒಂದು ಲೀಟರ್ ರೆಸಿನ್ ಎಂಬ ಲೆಕ್ಕ ಹಿಡಿಯಿರಿ. ಕಿಟಕಿಗಳು ತೆರೆದಿರಲಿ, ಕೈಗವಸು ತಪ್ಪದಿರಲಿ. ಬಿಸಿಲು ನೇರವಾಗಿ ಬೀಳುವ ಕೋಣೆಯಲ್ಲಿ ರೆಸಿನ್ ಕ್ರಮೇಣ ಹಳದಿಯಾಗುತ್ತದೆ. ಸ್ನಾನದ ಮನೆಯಲ್ಲಾದರೆ ಒದ್ದೆಯಾದಾಗ ಕಾಲು ಜಾರುತ್ತದೆ.