ಟೆಕ್ಸಸ್ ಲೈಸೆನ್ಸ್ ಹಿಡಿದು ಕೊಲೊರಾಡೊಗೆ: ಗಡಿ ದಾಟುವಾಗ ಪಿಸ್ತೂಲಿನ ಲೆಕ್ಕಾಚಾರ

ಹೊರಡುವ ಹಿಂದಿನ ರಾತ್ರಿ ನನ್ನ ಗ್ಲಾಕ್ 17 ಪಿಸ್ತೂಲಿನ ಎರಡೂ ಮ್ಯಾಗಜಿನ್‌ಗಳನ್ನು, ಅಂದರೆ ಗುಂಡು ತುಂಬುವ ಡಬ್ಬಿಗಳನ್ನು, ಊಟದ ಮೇಜಿನ ಮೇಲಿಟ್ಟುಕೊಂಡು ಕೂತಿದ್ದೆ. ಒಂದೊಂದರಲ್ಲೂ 17 ಗುಂಡು ಹಿಡಿಯುತ್ತವೆ. ಟೆಕ್ಸಸ್‌ನಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ಆದರೆ 2025ರ ಬೇಸಿಗೆ ರಜೆಗೆ ನಾವು ಹೊರಟಿದ್ದು ಡಾಲಸ್‌ನಿಂದ ಡೆನ್ವರ್‌ಗೆ. ಕೊಲೊರಾಡೊದಲ್ಲಿ 15ಕ್ಕಿಂತ ಹೆಚ್ಚು ಗುಂಡು ಹಿಡಿಯುವ ಮ್ಯಾಗಜಿನ್ ಇಟ್ಟುಕೊಳ್ಳುವಂತಿಲ್ಲ. 2013ರ ಜುಲೈ 1ಕ್ಕೆ ಮುಂಚಿನಿಂದ ಕೈಯಲ್ಲಿದ್ದವಕ್ಕೆ ಮಾತ್ರ ವಿನಾಯಿತಿ. ನನ್ನವು ಆಮೇಲೆ ಕೊಂಡವು. ಎರಡನ್ನೂ ಸೇಫ್‌ಗೆ ಹಾಕಿ, ಹತ್ತು ಗುಂಡಿನವನ್ನು ಬ್ಯಾಗಿಗೆ ಸೇರಿಸಿದೆ. ಪಿಸ್ತೂಲು ಜೊತೆಗೊಯ್ಯುವ ನನ್ನ ಟೆಕ್ಸಸ್ ಲೈಸೆನ್ಸನ್ನು ಕೊಲೊರಾಡೊ ಒಪ್ಪುತ್ತದೆ ಎಂದಷ್ಟೇ ತಿಳಿದುಕೊಂಡು ಹೊರಟಿದ್ದರೆ ಈ ಮ್ಯಾಗಜಿನ್ ವಿಷಯದಲ್ಲೇ ಸಿಕ್ಕಿಬೀಳುತ್ತಿದ್ದೆ.

ನಮ್ಮದು ಮಲೆನಾಡು. ತೋಟಕ್ಕೆ ನುಗ್ಗುವ ಹಂದಿ ಓಡಿಸಲು ಅಪ್ಪನ ಹತ್ತಿರ ಒಂದು ಕೋವಿ ಇತ್ತು. ಚುನಾವಣೆ ಬಂತೆಂದರೆ ಅದನ್ನು ಠಾಣೆಗೆ ಒಯ್ದು ಒಪ್ಪಿಸಿ ರಸೀದಿ ತರುತ್ತಿದ್ದರು. ಲೈಸೆನ್ಸಿನಲ್ಲಿ ವ್ಯಾಪ್ತಿ ಇಂಥದ್ದು ಎಂದು ಬರೆದಿರುತ್ತಿತ್ತು, ಅದರಾಚೆ ಒಯ್ಯುವ ಮಾತಿಲ್ಲ. ಅಲ್ಲಿ ಇಡೀ ದೇಶಕ್ಕೆ 1959ರ ಶಸ್ತ್ರಾಸ್ತ್ರ ಕಾಯ್ದೆ ಒಂದೇ. ಇಲ್ಲಿ ಅಮೆರಿಕದಲ್ಲಿ ಐವತ್ತು ರಾಜ್ಯಕ್ಕೆ ಐವತ್ತು ಕಾನೂನು, ಮೇಲಿಂದ ಕೇಂದ್ರದ್ದು, ಅಂದರೆ ಫೆಡರಲ್ ಕಾನೂನು ಬೇರೆ. ಡ್ರೈವಿಂಗ್ ಲೈಸೆನ್ಸ್ ಎಲ್ಲ ಕಡೆ ನಡೆಯುತ್ತದಲ್ಲ, ಇದೂ ನಡೆಯುತ್ತದೆ ಎಂದುಕೊಂಡಿರುವವರು ನಮ್ಮ ಜನರಲ್ಲಿ ಬಹಳ. ನಡೆಯುವುದಿಲ್ಲ. ಒಂದು ರಾಜ್ಯದ ಪರ್ಮಿಟ್ಟನ್ನು ಎಲ್ಲ ರಾಜ್ಯಗಳೂ ಒಪ್ಪಬೇಕೆಂಬ ಮಸೂದೆ 2017ರ ಡಿಸೆಂಬರ್‌ನಲ್ಲಿ ಪ್ರತಿನಿಧಿ ಸಭೆಯಲ್ಲಿ 231-198 ಮತಗಳಿಂದ ಪಾಸಾಯಿತು, ಸೆನೆಟ್‌ನಲ್ಲಿ ಪಾಸಾಗಲಿಲ್ಲ. ಹಾಗಾಗಿ ಯಾರ ಪರ್ಮಿಟ್ ಒಪ್ಪಬೇಕು ಎಂಬುದು ಆಯಾ ರಾಜ್ಯಕ್ಕೇ ಬಿಟ್ಟದ್ದು. ಓಕ್ಲಹೋಮ ಎಲ್ಲರದನ್ನೂ ಒಪ್ಪುತ್ತದೆ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿ ಯಾರದ್ದನ್ನೂ ಒಪ್ಪುವುದಿಲ್ಲ. ಕೊಲೊರಾಡೊ ನಡುವಿನದು: ಪರ್ಮಿಟ್ ಕೊಟ್ಟ ರಾಜ್ಯದಲ್ಲೇ ನೀವು ವಾಸವಿರಬೇಕು, 21 ತುಂಬಿರಬೇಕು. ಬೇರೆ ರಾಜ್ಯದಲ್ಲಿದ್ದುಕೊಂಡು ಯೂಟಾದ ಪರ್ಮಿಟ್ ತೆಗೆದುಕೊಂಡವರಿಗೆ ಅಲ್ಲಿ ಅದು ಉಪಯೋಗಕ್ಕೆ ಬರುವುದಿಲ್ಲ.

2021ರ ಸೆಪ್ಟೆಂಬರ್ 1ರಿಂದ ಟೆಕ್ಸಸ್‌ನೊಳಗೆ ಪಿಸ್ತೂಲು ಒಯ್ಯಲು ಲೈಸೆನ್ಸ್ ಬೇಕಿಲ್ಲ. ಮತ್ತೆ ಯಾಕೆ 40 ಡಾಲರ್ ಕಟ್ಟಿ, ತರಗತಿಗೆ ಕೂತು, ಮೂರು, ಏಳು, ಹದಿನೈದು ಗಜದಿಂದ ಒಟ್ಟು 50 ಗುಂಡು ಹೊಡೆದು ತೋರಿಸಿ ಲೈಸೆನ್ಸ್ ಮಾಡಿಸಿದೆ ಎಂದು ಸ್ನೇಹಿತರು ಕೇಳುತ್ತಾರೆ. ಗಡಿಯಾಚೆ ತೋರಿಸುವುದಕ್ಕೆ ಏನಾದರೂ ಇರಬೇಕಲ್ಲ, ಅದಕ್ಕೆ.

ಅಮರಿಲೊ, ಡ್ಯಾಲ್‌ಹಾರ್ಟ್ ದಾಟಿ ಟೆಕ್ಸ್‌ಲೈನ್‌ನಲ್ಲಿ ನ್ಯೂಮೆಕ್ಸಿಕೊಗೆ ಹೊಕ್ಕೆವು. ನ್ಯೂಮೆಕ್ಸಿಕೊ ಕೂಡ ಟೆಕ್ಸಸ್ ಲೈಸೆನ್ಸ್ ಒಪ್ಪುತ್ತದೆ. ಮಧ್ಯಾಹ್ನ ರ್‍ಯಾಟನ್‌ನಲ್ಲಿ ಊಟಕ್ಕೆ ಇಳಿದಾಗ ಹೋಟೆಲ್ ಬಾಗಿಲಿನ ಪಕ್ಕ ಕಪ್ಪು ಹಲಗೆ, ಸೀಮೆಸುಣ್ಣದಲ್ಲಿ ಬರೆದ ಮಾರ್ಗರಿಟಾ ರೇಟು. ಟೆಕ್ಸಸ್‌ನಲ್ಲಿ ಇಂಥ ಕಡೆ ನಾನು ಯೋಚಿಸುತ್ತಲೇ ಇರಲಿಲ್ಲ. ಅಲ್ಲಿ ನಿಷೇಧ ಇರುವುದು ಆದಾಯದ ಅರ್ಧಕ್ಕಿಂತ ಹೆಚ್ಚು ಮದ್ಯದಿಂದಲೇ ಬರುವ ಬಾರ್‌ಗಳಲ್ಲಿ. ನ್ಯೂಮೆಕ್ಸಿಕೊದಲ್ಲಿ ಬಿಯರ್, ವೈನ್ ಮಾತ್ರ ಕೊಡುವ ಊಟದ ಹೋಟೆಲ್‌ಗೆ ಲೈಸೆನ್ಸ್ ಇದ್ದವರು ಪಿಸ್ತೂಲಿನೊಂದಿಗೆ ಹೋಗಬಹುದು. ಮಾರ್ಗರಿಟಾಗೆ ಹಾಕುವ ಟಕೀಲಾದಂಥ ಗಟ್ಟಿ ಮದ್ಯ ಸಿಗುವಲ್ಲಿಗೆ ಆಗದು. ಬಾಗಿಲಿಂದಲೇ ಕಾರಿಗೆ ಹಿಂದಿರುಗಿದೆ.

ನಮ್ಮ ಜೊತೆ ಆಫೀಸಿನ ಹುಡುಗನೊಬ್ಬ ಬಂದಿದ್ದ, ಹಾಸನದವನು. "ಅಣ್ಣ, ನೀವೆಲ್ಲ ಊಟ ಮಾಡಿ ಬನ್ನಿ, ಅದನ್ನ ನನ್ನ ಹತ್ರ ಕೊಡಿ, ನಾನು ಕಾರಲ್ಲೇ ಕೂತಿರ್ತೀನಿ" ಅಂದ. ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. "ಬೇಡ ಮಾರಾಯ, ನೀನು ಅದನ್ನ ಮುಟ್ಟೋ ಹಾಗೇ ಇಲ್ಲ" ಅಂದೆ. ಅವನದು ಎಚ್-1ಬಿ, ಕೆಲಸದ ಮೇಲೆ ಬಂದವರ ತಾತ್ಕಾಲಿಕ ವೀಸಾ. ಹಂಟಿಂಗ್ ಲೈಸೆನ್ಸ್‌ನಂಥ ಕೆಲವೇ ವಿನಾಯಿತಿ ಬಿಟ್ಟರೆ, ಇಂಥ ನಾನ್-ಇಮಿಗ್ರೆಂಟ್ (ತಾತ್ಕಾಲಿಕ) ವೀಸಾದಲ್ಲಿ ಇರುವವರು ಬಂದೂಕಾಗಲಿ ಗುಂಡಾಗಲಿ ಇಟ್ಟುಕೊಳ್ಳುವುದು ಫೆಡರಲ್ ಅಪರಾಧ, ಯಾವ ರಾಜ್ಯದಲ್ಲಾದರೂ. ನಾನು ಗ್ರೀನ್ ಕಾರ್ಡ್ ಬರುವವರೆಗೆ ಮುಟ್ಟದೇ ಇದ್ದದ್ದೂ ಇದೇ ಕಾರಣಕ್ಕೆ. ನಮ್ಮವರು ಇದನ್ನು ತಿಳಿದಿರಲೇಬೇಕು. ಒಂದು ತಪ್ಪಿಗೆ ವೀಸಾ, ಕೆಲಸ, ಇಲ್ಲಿನ ಬದುಕು ಎಲ್ಲ ಹೋಗುತ್ತದೆ. ಗುಂಡು ತೆಗೆದು ಪಿಸ್ತೂಲನ್ನು ಗಟ್ಟಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ, ಕೀ ನನ್ನ ಜೇಬಿಗೆ, ಹುಡುಗನನ್ನೂ ಒಳಗೇ ಕರೆದುಕೊಂಡು ಹೋದೆ.

ಆ ಪೆಟ್ಟಿಗೆ ಕೊಲೊರಾಡೊಗೂ ಬೇಕಿತ್ತು. 2025ರ ಜನವರಿ 1ರಿಂದ ಅಲ್ಲಿ ಕಾರಿನಲ್ಲಿ ಪಿಸ್ತೂಲು ಬಿಟ್ಟು ಹೋಗುವುದಾದರೆ ಗಟ್ಟಿ ಕವಚದ ಪೆಟ್ಟಿಗೆಯಲ್ಲಿ, ಕಣ್ಣಿಗೆ ಬೀಳದಂತೆ, ಬೀಗ ಹಾಕಿಯೇ ಇಡಬೇಕು, ಕಾರಿಗೂ ಬೀಗ ಹಾಕಿರಬೇಕು. ಡೆನ್ವರ್ ನಗರದ ಪಾರ್ಕುಗಳಿಗಂತೂ ಲೈಸೆನ್ಸ್ ಇದ್ದರೂ ಒಯ್ಯುವಂತಿಲ್ಲ.

ಬಹಳ ಜನರಿಗೆ ಗೊತ್ತೇ ಇಲ್ಲದ್ದು ಶಾಲೆಯ ವಿಷಯ. ಶಾಲೆಯಿಂದ 1,000 ಅಡಿಯೊಳಗೆ ಬಂದೂಕು ಇರಕೂಡದೆಂದು ಫೆಡರಲ್ ಕಾನೂನು. ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಉಂಟು, ಆದರೆ ಆ ಲೈಸೆನ್ಸನ್ನು ಶಾಲೆ ಇರುವ ರಾಜ್ಯವೇ ಕೊಟ್ಟಿರಬೇಕು. ಅಂದರೆ ಕೊಲೊರಾಡೊ ನನ್ನ ಟೆಕ್ಸಸ್ ಕಾರ್ಡ್ ಒಪ್ಪಿದರೂ ಈ ವಿನಾಯಿತಿಗೆ ಅದು ಸಾಲದು. ಊರ ನಡುವಿನ ರಸ್ತೆಯಲ್ಲಿ ಹೋಗುವಾಗ ಯಾವ ತಿರುವಿನಲ್ಲಿ ಶಾಲೆ ಇದೆಯೋ ಯಾರಿಗೆ ಗೊತ್ತು? ಗುಂಡು ತೆಗೆದು ಬೀಗದ ಪೆಟ್ಟಿಗೆಯಲ್ಲಿದ್ದರೆ ತೊಂದರೆಯಿಲ್ಲ. ಹಾಗಾಗಿ ನಾನು ಮಾಡಿಕೊಂಡ ಕ್ರಮ ಇದು: ಬೇರೆ ರಾಜ್ಯದಲ್ಲಿ ಕಾರು ಓಡುವಾಗ ಪಿಸ್ತೂಲು ಪೆಟ್ಟಿಗೆಯಲ್ಲಿ, ಕಾಡಿನ ಟ್ರೇಲ್‌ಗೆ ಇಳಿದ ಮೇಲೆ ಸೊಂಟದಲ್ಲಿ. ಅತಿಯಾಯಿತು ಎಂದವರಿದ್ದಾರೆ. ನನಗೆ ಹಾಗನ್ನಿಸಿಲ್ಲ.

ಒಪ್ಪದ ರಾಜ್ಯಗಳನ್ನು ಬರೀ ಹಾದುಹೋಗುವವರಿಗೆ 1986ರ ಫೆಡರಲ್ ಕಾನೂನಿನ ರಕ್ಷಣೆಯಿದೆ. ಹೊರಡುವ ಜಾಗ, ಸೇರುವ ಜಾಗ ಎರಡರಲ್ಲೂ ಒಯ್ಯುವುದು ಕಾನೂನುಬದ್ಧವಾಗಿರಬೇಕು, ಗುಂಡು ತುಂಬಿರಕೂಡದು, ಬಂದೂಕು, ಗುಂಡು ಎರಡೂ ಕೈಗೆಟುಕಕೂಡದು. ಡಿಕ್ಕಿ ಇಲ್ಲದ ಎಸ್‌ಯುವಿಯಾದರೆ ಬೀಗದ ಪೆಟ್ಟಿಗೆ ಬೇಕು, ಗ್ಲೋವ್ ಬಾಕ್ಸ್ ಲೆಕ್ಕಕ್ಕಿಲ್ಲ. ಅಲ್ಲೇ ನಾಲ್ಕು ದಿನ ಉಳಿಯುವವರಿಗೆ ಈ ರಕ್ಷಣೆ ಅನ್ವಯಿಸುವುದಿಲ್ಲ.

2013ರಲ್ಲಿ ಫಿಲಡೆಲ್ಫಿಯಾದ ಒಬ್ಬ ತಾಯಿ ಪೆನ್ಸಿಲ್ವೇನಿಯಾ ಪರ್ಮಿಟ್ ಇಟ್ಟುಕೊಂಡು ನ್ಯೂಜೆರ್ಸಿಗೆ ಹೋಗಿದ್ದಳು. ಪೊಲೀಸರು ಕಾರು ನಿಲ್ಲಿಸಿದಾಗ ಪಿಸ್ತೂಲಿದೆ ಎಂದು ತಾನಾಗಿಯೇ ಹೇಳಿದಳು. ಬಂಧನವಾಯಿತು, ವರ್ಷಗಟ್ಟಲೆ ಕಡ್ಡಾಯ ಜೈಲಿನ ಭಯ ಎದುರಾಯಿತು. ಕೊನೆಗೆ 2015ರಲ್ಲಿ ಗವರ್ನರ್ ಕ್ರಿಸ್ ಕ್ರಿಸ್ಟಿ ಕ್ಷಮಾದಾನ ಕೊಟ್ಟರು. ಸುಳ್ಳು ಹೇಳದವಳಿಗೆ ಹೀಗಾಯಿತಲ್ಲ ಎಂದು ಇವತ್ತಿಗೂ ಸಂಕಟವಾಗುತ್ತದೆ.

ಮುಂದಿನ ಪ್ರವಾಸ ನ್ಯೂಜೆರ್ಸಿಗೆ, ಅಕ್ಕನ ಮನೆಗೆ. ಒಂದು ವಾರ ಅಲ್ಲೇ ಇರುತ್ತೇವೆ. ಪಿಸ್ತೂಲು ಡಾಲಸ್‌ನ ಸೇಫ್‌ನಲ್ಲೇ ಇರುತ್ತದೆ.