ಸೆಂಟ್ರಿಯೋಲ್ ಎಣಿಕೆ: ಚುಕ್ಕೆ ತಪ್ಪದಂತೆ ಬಣ್ಣ ಹಿಡಿಸುವ ಕ್ರಮ (ನನ್ನ ಅನುಭವ)

ಕೋಶ ವಿಭಜನೆಗೆ ನೆರವಾಗುವ ಪುಟ್ಟ ಅಂಗವಾದ ಸೆಂಟ್ರಿಯೋಲ್‌ನ ಗಾತ್ರವೇ ಮೊದಲ ತೊಡಕು. ಮೂರು ಮೂರು ಮೈಕ್ರೋಟ್ಯೂಬ್ಯೂಲ್‌ಗಳ (ಪ್ರೋಟೀನ್‌ನ ಸಣ್ಣ ಕೊಳವೆಗಳ) ಒಂಬತ್ತು ಕಟ್ಟುಗಳು ದುಂಡಗೆ ನಿಂತ ಈ ಪೀಪಾಯಿಯ ಅಡ್ಡಗಲ ಸುಮಾರು 250 ನ್ಯಾನೋಮೀಟರ್, ಉದ್ದ 500ರ ಆಸುಪಾಸು. ಮಾಮೂಲಿ ಫ್ಲೋರೆಸೆನ್ಸ್ ಸೂಕ್ಷ್ಮದರ್ಶಕ ಎರಡು ಬಿಂದುಗಳನ್ನು ಬಿಡಿಸಿ ತೋರಿಸುವ ಮಿತಿಯೂ ಹೆಚ್ಚುಕಡಿಮೆ ಅಷ್ಟೇ. ಒಂಬತ್ತು ಕಟ್ಟು ಕಾಣುವುದಿಲ್ಲ, ಕಾಣುವುದು ಒಂದು ಚುಕ್ಕೆ.

ಕೋಶಗಳನ್ನು 0.17 ಮಿ.ಮೀ. ದಪ್ಪದ ಕವರ್‌ಸ್ಲಿಪ್ ಮೇಲೆ ಬೆಳೆಸಿ, ಮುಕ್ಕಾಲು ಪಾಲು ತುಂಬುವ ಮೊದಲೇ ತೆಗೆಯುತ್ತೇನೆ. ಫಿಕ್ಸ್ ಮಾಡಲು, ಅಂದರೆ ಕೋಶವನ್ನು ಇದ್ದಂತೆಯೇ ಹಿಡಿದಿಡಲು, ಮೈನಸ್ 20 ಡಿಗ್ರಿಯ ಮೆಥನಾಲ್, 5ರಿಂದ 10 ನಿಮಿಷ. ಸೆಂಟ್ರಿಯೋಲ್ ಸುತ್ತ ಪ್ರೋಟೀನ್ ಒತ್ತಾಗಿ ಕಿಕ್ಕಿರಿದಿರುತ್ತದೆ. ಫಾರ್ಮಾಲ್ಡಿಹೈಡ್ ಅದನ್ನು ಹೆಣೆದುಬಿಟ್ಟರೆ ಪ್ರತಿಕಾಯಕ್ಕೆ (ನಮಗೆ ಬೇಕಾದ ಪ್ರೋಟೀನ್‌ಗೆ ಅಂಟಿ ಅದನ್ನು ಗುರುತಿಸುವ ಅಣುವಿಗೆ) ಒಳದಾರಿ ಸಿಗುವುದು ಕಷ್ಟ. ಮೆಥನಾಲ್‌ನಲ್ಲಿ ಕೋಶದ್ರವದ ಸಡಿಲ ಪ್ರೋಟೀನ್ ತೊಳೆದುಹೋಗಿ ಹಿನ್ನೆಲೆಯೂ ಮಂಕಾಗುತ್ತದೆ. ಜಿಎಫ್‌ಪಿ (ತಾನೇ ಹಸಿರಾಗಿ ಹೊಳೆಯುವ ಪ್ರೋಟೀನ್) ಬಳಸುವವರಿಗೆ ಮಾತ್ರ ಇದು ನಷ್ಟ, ಅದರ ಹೊಳಪು ಬಹುಪಾಲು ಸಾಯುತ್ತದೆ. ಕವರ್‌ಸ್ಲಿಪ್ ಮೇಲಿನ ಮಾಧ್ಯಮವನ್ನು ಪೂರ್ತಿ ಬಸಿದು ಮುಳುಗಿಸಬೇಕು, ಆಮೇಲೆ ಒಂದು ಕ್ಷಣವೂ ಒಣಗಲು ಬಿಡಬಾರದು.

ಅಸಿಟೈಲೇಟೆಡ್ ಟ್ಯೂಬ್ಯುಲಿನ್‌ಗೆ (ಮೈಕ್ರೋಟ್ಯೂಬ್ಯೂಲ್ ಕಟ್ಟುವ ಪ್ರೋಟೀನಿನ, ಅಸಿಟೈಲ್ ಗುಂಪು ಸೇರಿದ ರೂಪಕ್ಕೆ) ಬಣ್ಣ ಹಿಡಿಸುವುದಾದರೆ, ಫಿಕ್ಸ್ ಮಾಡುವ ಮುನ್ನ ತಟ್ಟೆಯನ್ನು 30 ನಿಮಿಷ ಮಂಜುಗಡ್ಡೆಯ ಮೇಲಿಡಿ. ಕೋಶದ್ರವದ ಮೈಕ್ರೋಟ್ಯೂಬ್ಯೂಲ್ ಬಲೆ ಬಹುತೇಕ ಕರಗುತ್ತದೆ, ಸೆಂಟ್ರಿಯೋಲ್ ತಣ್ಣಗಾದರೂ ಜಗ್ಗುವುದಿಲ್ಲ.

ಎಣಿಕೆಗೆ ಸೆಂಟ್ರಿಯೋಲ್ ಒಳಗಿನ ಪ್ರೋಟೀನಾದ ಸೆಂಟ್ರಿನ್‌ನ ಪ್ರತಿಕಾಯ, ಜೊತೆಗೆ ಸೆಂಟ್ರಿಯೋಲ್ ಸುತ್ತಲಿನ ಗಾಮಾ ಟ್ಯೂಬ್ಯುಲಿನ್‌ನದ್ದು. ಎರಡೂ ಇಲಿಯದ್ದಾದರೆ ಒಂದು ಐಜಿಜಿ1, ಇನ್ನೊಂದು ಐಜಿಜಿ2ಎ ಎಂಬ ಪ್ರತಿಕಾಯ ವರ್ಗದ್ದಿರುವಂತೆ ಆರಿಸಿ, ಆಯಾ ವರ್ಗವನ್ನಷ್ಟೇ ಹಿಡಿಯುವ, ಹೊಳೆಯುವ ಬಣ್ಣ ಹೊತ್ತ ದ್ವಿತೀಯಕ ಪ್ರತಿಕಾಯ ಹಾಕಬೇಕು. ಪೆರಿಸೆಂಟ್ರಿನ್ ಚುಕ್ಕೆ ಎಣಿಸಿ ಸೆಂಟ್ರಿಯೋಲ್ ಎಂದು ಬರೆಯುವ ಅಭ್ಯಾಸ ನನಗೆ ಹಿಡಿಸದು: ಅದು ಸೆಂಟ್ರಿಯೋಲ್ ಸುತ್ತಲಿನ ಪ್ರೋಟೀನ್ ಮೋಡದ್ದು, ಎರಡು ಸೆಂಟ್ರಿಯೋಲ್‌ಗೂ ಸೇರಿ ಒಂದೇ ಮುದ್ದೆಯಾಗಿ ಕಾಣುವುದುಂಟು.

63 ಅಥವಾ 100 ಪಟ್ಟಿನ ಎಣ್ಣೆ ಲೆನ್ಸ್‌ನಲ್ಲಿ ಕೋಶದ ತಳದಿಂದ ನೆತ್ತಿಯವರೆಗೆ 0.25 ಮೈಕ್ರಾನ್ ಹೆಜ್ಜೆಯಲ್ಲಿ ಚಿತ್ರ ತೆಗೆಯುತ್ತೇನೆ. ಜೋಡಿಯಲ್ಲೊಂದು ಆಗಾಗ ಬೇರೆ ಎತ್ತರದಲ್ಲಿ ಕೂತಿರುತ್ತದೆ. ಒಂದೇ ಫೋಕಸ್ ನೆಚ್ಚಿಕೊಂಡರೆ ಎರಡಿದ್ದದ್ದು ಒಂದಾಗುತ್ತದೆ. ಕೋಶದಲ್ಲಿ ಇರಬೇಕಾದ ಸೆಂಟ್ರಿಯೋಲ್: ಡಿಎನ್‌ಎ ನಕಲಾಗುವ ಮೊದಲಿನ ಜಿ1 ಹಂತದಲ್ಲಿ 2, ನಕಲಾದ ಮೇಲಿನ ಜಿ2 ಹಂತದಲ್ಲಿ 4. ನಡುವಿನ ಎಸ್ ಹಂತವೇ ಕಿರಿಕಿರಿ: ಹೊಸ ಸೆಂಟ್ರಿಯೋಲ್ ಹಳೆಯದರ ಬುಡಕ್ಕೆ ಲಂಬಕೋನದಲ್ಲಿ ಅಂಟಿಕೊಂಡೇ ಬೆಳೆಯುವುದರಿಂದ ಎರಡು ಚುಕ್ಕೆ ಬೆರೆತು 4 ಇದ್ದದ್ದು 3 ಅಥವಾ 2 ಎನಿಸುತ್ತದೆ. ಅದಕ್ಕೇ ಮೊದಲು ಅದೇ ಸ್ಲೈಡ್‌ನ ಮೆಟಾಫೇಸ್ ಕೋಶಗಳನ್ನು (ವಿಭಜನೆಯ ನಡುವೆ ಕ್ರೋಮೋಸೋಮ್‌ಗಳು ಮಧ್ಯದಲ್ಲಿ ಸಾಲುಗಟ್ಟಿದವನ್ನು) ನೋಡುತ್ತೇನೆ. ಸಾಮಾನ್ಯ ಕೋಶಗಳಲ್ಲಿ ಪ್ರತಿ ಧ್ರುವಕ್ಕೆ ಎರಡೆರಡು ಸಿಗದಿದ್ದರೆ ಬಣ್ಣ ಕೆಟ್ಟಿದೆ ಎಂದೇ ಅರ್ಥ; ಆ ಸ್ಲೈಡ್ ಎಣಿಸುವುದಿಲ್ಲ.

ಹುಸಿ ಚುಕ್ಕೆಗಳ ಪರೀಕ್ಷೆಗೆ ಸೆಂಟ್ರಿನೋನ್ ಎಂಬ ರಾಸಾಯನಿಕ ಇದೆ. ಅದು ಪಿಎಲ್‌ಕೆ4 ಕಿಣ್ವವನ್ನು ತಡೆಯುವುದರಿಂದ ಹೊಸ ಸೆಂಟ್ರಿಯೋಲ್ ಹುಟ್ಟುವುದಿಲ್ಲ. ಇದ್ದವು ವಿಭಜನೆಯಿಂದ ವಿಭಜನೆಗೆ ಹಂಚಿಹೋಗಿ ಕೋಶಕ್ಕೆ ಎರಡಿದ್ದದ್ದು ಒಂದಕ್ಕಿಳಿದು, ಕೊನೆಗೆ ಏನೂ ಉಳಿಯದ ಕೋಶಗಳು ಸಿಗುತ್ತವೆ. ಕ್ಯಾನ್ಸರ್ ಮೂಲದ ಹೀಲಾ ಕೋಶಗಳು ಆಮೇಲೂ ವಿಭಜಿಸುತ್ತವೆ. ವಿಭಜನೆಗೆ ತಡೆಹಾಕುವ ಪಿ53 ಪ್ರೋಟೀನ್ ಸರಿಯಿರುವ ಆರ್‌ಪಿಇ1 ಎಂಬ ಕೋಶಬಗೆ ನಿಂತುಬಿಡುತ್ತದೆ, ಹಾಗಾಗಿ ಈ ಪರೀಕ್ಷೆಗೆ ಹೀಲಾ ಅನುಕೂಲ. ಖಾಲಿಯಾದ ಕೋಶಗಳಲ್ಲೂ ಸೆಂಟ್ರಿನ್ ಚುಕ್ಕೆ ಹೊಳೆಯುತ್ತಿದ್ದರೆ ಪ್ರತಿಕಾಯವನ್ನು ಇನ್ನಷ್ಟು ತೆಳುಮಾಡಿ ಮತ್ತೆ ಮೊದಲಿಂದ.